ಗಾಯಗೊಂಡವನೇ ನೆರೆಯವನಾದ: ನೆಲಮಂಗಲ ರಸ್ತೆಯ ಹರೀಶ್



ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರಸ್ತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಪೀಣ್ಯ ದಾಟಿ, ಮಾಕಳಿ ದಾಟಿ, ನೆಲಮಂಗಲ ಮುಟ್ಟಿದರೆ ಅಲ್ಲಿ ದಾರಿ ಎರಡಾಗುತ್ತದೆ. ಒಂದು ತುಮಕೂರಿನ ಮೂಲಕ ಪುಣೆಯ ಕಡೆಗೆ, ಇನ್ನೊಂದು ಕುಣಿಗಲ್, ಹಾಸನಗಳ ಮೂಲಕ ಮಂಗಳೂರಿನ ಕಡೆಗೆ. ತರಕಾರಿ ತುಂಬಿದ ಟೆಂಪೊಗಳು, ಕಾರ್ಖಾನೆಗೆ ಹೊರಟ ಹುಡುಗರ ಬೈಕುಗಳು, ಹಬ್ಬಕ್ಕೆ ಊರಿಗೆ ಹೊರಟ ಸಂಸಾರಗಳನ್ನು ಹೊತ್ತ ಬಸ್ಸುಗಳು, ಹಗಲೂ ರಾತ್ರಿಯೂ ನಿಲ್ಲದ ಲಾರಿಗಳ ಸಾಲು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಜನರೂ ಒಂದಲ್ಲ ಒಂದು ಕೆಲಸಕ್ಕೆ ಈ ರಸ್ತೆ ಹಿಡಿದವರೇ. ಹೊರಡುವ ಮುನ್ನ ಮನೆಯ ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳಿಸುತ್ತಾರೆ. ತಲುಪಿದ ಮೇಲೆ ಒಂದು ಫೋನು ಮಾಡು ಎನ್ನುತ್ತಾರೆ. ಆ ಫೋನು ಬರುವವರೆಗೆ ಮನೆಯಲ್ಲಿ ಒಂದು ಜೀವ ಕಾದು ಕುಳಿತಿರುತ್ತದೆ.

ಶುಭಸಂದೇಶಕಾರ ಸಂತ ಲೂಕರು ಹೇಳುವ ಒಂದು ಸಾಮತಿಯಲ್ಲಿಯೂ ಇಂಥದ್ದೇ ರಸ್ತೆಯಿದೆ. ಜೆರುಸಲೇಮಿನಿಂದ ಜೆರಿಕೊಗೆ ಇಳಿದುಹೋಗುವ ದಾರಿ. ಕಳ್ಳರ ಕೈಗೆ ಸಿಕ್ಕಿ, ಪೆಟ್ಟು ತಿಂದು, ಅರೆಜೀವವಾಗಿ ಬಿದ್ದವನೊಬ್ಬ. ಅವನನ್ನು ಕಂಡೂ ಕಾಣದಂತೆ ಹೋದ ಯಾಜಕನೊಬ್ಬ, ಲೇವಿಯನೊಬ್ಬ. ಕಂಡು ಮರುಗಿ ನಿಂತವನು ಸಮಾರಿಯದವನು. ಈ ಸಾಮತಿಯನ್ನು ನಾವು ಎಷ್ಟು ಸಾರಿ ಕೇಳಿದ್ದೇವೆಯೋ ಲೆಕ್ಕವಿಲ್ಲ. ಆದರೆ ದಾರಿಯಲ್ಲಿ ಬಿದ್ದಿದ್ದ ಆ ಗಾಯಾಳು ಏನು ಯೋಚಿಸುತ್ತಿದ್ದ? ಅವನ ಮನಸ್ಸಿನಲ್ಲಿ ಏನಿತ್ತು? ಸಾಮತಿ ಅದನ್ನು ಹೇಳುವುದಿಲ್ಲ. ಅವನು ಒಂದೇ ಒಂದು ಮಾತನ್ನೂ ಆಡುವುದಿಲ್ಲ.

ನಮ್ಮ ನೆಲಮಂಗಲದ ರಸ್ತೆಯಲ್ಲಿ ಬಿದ್ದ ಒಬ್ಬ ಯುವಕ ಮಾತಾಡಿದ. ಆ ಮಾತನ್ನು ಮರೆಯದಿರುವುದಕ್ಕಾಗಿ ಈ ಲೇಖನ.

2016ರ ಫೆಬ್ರವರಿ 16

ಅಂದು ಮಂಗಳವಾರ. ಹರೀಶ್ ನಂಜಪ್ಪ ಎಂಬ ಯುವಕ ತಮ್ಮ ಬೈಕಿನಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಿದ್ದರು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನವರು, ವಯಸ್ಸು ಇಪ್ಪತ್ತರ ಮೇಲೆ ನಾಲ್ಕಾರು ವರ್ಷ. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಸಾವಿರಾರು ಯುವಕರಲ್ಲಿ ಅವರೂ ಒಬ್ಬರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿ ಚುನಾವಣೆಗಾಗಿ ಊರಿಗೆ ಹೋಗಿ, ಮತ ಹಾಕಿ, ಮತ್ತೆ ಕೆಲಸಕ್ಕೆ ಹೊರಟಿದ್ದರು. ಮತ ಹಾಕಲೆಂದೇ ಊರಿಗೆ ಹೋಗುವವರು ಎಷ್ಟು ಮಂದಿ? ಕೆಲಸ ಬಿಟ್ಟು, ಪೆಟ್ರೋಲು ಖರ್ಚು ಮಾಡಿಕೊಂಡು ಹೋಗಿ ಕರ್ತವ್ಯ ಮುಗಿಸಿ ಬರುವ ಹುಡುಗ ಎಂದರೆ ಎಂಥವನು ಎಂದು ಬೇರೆ ಹೇಳಬೇಕಾಗಿಲ್ಲ.

ನೆಲಮಂಗಲದ ಹತ್ತಿರ ಲಾರಿಯೊಂದು ಅವರ ಬೈಕಿಗೆ ಬಡಿಯಿತು. ಕೆಳಗೆ ಬಿದ್ದ ಅವರ ಮೇಲೆ ಚಕ್ರ ಹರಿದು ದೇಹ ಎರಡು ತುಂಡಾಯಿತು. ಇದನ್ನು ಬರೆಯಲು ನಮ್ಮ ಕೈ ನಡುಗುತ್ತದೆ, ಓದುವ ನಿಮ್ಮ ಮನಸ್ಸೂ ನಡುಗುತ್ತದೆ. ಹೆಚ್ಚು ವಿವರಿಸುವುದು ಬೇಡ. ಆದರೆ ಇಷ್ಟನ್ನು ಹೇಳದಿದ್ದರೆ ಮುಂದಿನ ಮಾತಿನ ತೂಕ ತಿಳಿಯುವುದಿಲ್ಲ.

ಅಂಥ ಸ್ಥಿತಿಯಲ್ಲಿಯೂ ಅವರಿಗೆ ಸ್ಮೃತಿ ಇತ್ತು. ಕೆಲವು ನಿಮಿಷಗಳ ಕಾಲ ಮಾತೂ ಇತ್ತು. ಸುತ್ತ ಸೇರಿದ ಜನರಲ್ಲಿ ಅವರು ಸಹಾಯ ಬೇಡಿದರು. ಆ ಹೊತ್ತಿನಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದರು ಎಂದು ಪತ್ರಿಕೆಗಳು ಬರೆದವು. ಆಂಬ್ಯುಲೆನ್ಸ್ ಬಂತು, ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ತಾವು ಉಳಿಯುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಆಗ ಅವರು ಕೇಳಿಕೊಂಡದ್ದು ಒಂದೇ: ತಮ್ಮ ದೇಹದ ಯಾವ ಅಂಗ ಉಪಯೋಗಕ್ಕೆ ಬರುತ್ತದೆಯೋ ಅದನ್ನು ದಾನ ಮಾಡಬೇಕು.

ಅಂದೇ ಅವರು ಕೊನೆಯುಸಿರೆಳೆದರು. ತಲೆಗೆ ಹೆಲ್ಮೆಟ್ ಇದ್ದುದರಿಂದ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಆ ಕಣ್ಣುಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ಒಪ್ಪಿಸಲಾಯಿತು. ಮಗನನ್ನು ಕಳೆದುಕೊಂಡ ದುಃಖದ ನಡುವೆಯೂ ಮನೆಯವರು ಅವನ ಮಾತನ್ನು ನಡೆಸಿಕೊಟ್ಟರು. ಹೇಳಿದವನದು ಒಂದು ಧೈರ್ಯವಾದರೆ, ನಡೆಸಿಕೊಟ್ಟವರದು ಇನ್ನೊಂದು ಧೈರ್ಯ.

ಆ ವಾರದ ಶುಭಸಂದೇಶ

2016ರಲ್ಲಿ ಬೂದಿ ಬುಧವಾರ ಬಂದದ್ದು ಫೆಬ್ರವರಿ 10ರಂದು. ಎಂದರೆ ಈ ದುರಂತ ನಡೆದದ್ದು ತಪಸ್ಸುಕಾಲದ ಮೊದಲನೆಯ ವಾರದಲ್ಲಿ. ಹಿಂದಿನ ದಿನ, ಸೋಮವಾರ, ನಮ್ಮ ದೇವಾಲಯಗಳಲ್ಲಿ ಓದಿದ ಶುಭಸಂದೇಶ ಸಂತ ಮತ್ತಾಯರ 25ನೆಯ ಅಧ್ಯಾಯದ ಕೊನೆಯ ಭಾಗ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ರೋಗಿಗೆ ಆರೈಕೆ. ಅತ್ಯಲ್ಪನಾದ ಒಬ್ಬನಿಗೆ ಮಾಡಿದ್ದೆಲ್ಲ ತಮಗೇ ಮಾಡಿದ್ದು ಎಂದು ಯೇಸುಸ್ವಾಮಿ ಅಂತಿಮ ತೀರ್ಪಿನ ದಿನ ಹೇಳುವ ಭಾಗ. ಅಲ್ಲದೆ ಆ ವರ್ಷ ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು ಸಾರಿದ್ದ ಕರುಣೆಯ ಜೂಬಿಲಿ ವರ್ಷ. 2015ರ ಡಿಸೆಂಬರ್ 8ರಂದು ಆರಂಭವಾಗಿ 2016ರ ನವೆಂಬರ್ 20ರಂದು ಮುಗಿದ ಆ ವರ್ಷದಲ್ಲಿ ನಾವೆಲ್ಲ ಕರುಣೆಯ ಬಾಗಿಲುಗಳನ್ನು ಹಾದು ಬಂದೆವು, ಕರುಣೆಯ ಕಾರ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದೆವು.

ಹರೀಶ್ ನಮ್ಮ ಧರ್ಮಸಭೆಯವರಲ್ಲ. ಆ ಸೋಮವಾರದ ಶುಭಸಂದೇಶವನ್ನು ಅವರು ಕೇಳಿರಲಿಲ್ಲ. ಮಂಗಳವಾರ ಅವರು ಅದನ್ನು ನಡೆಸಿ ತೋರಿಸಿದರು. ಕೇಳಿದ ನಾವು ಆ ವಾರ ಏನು ಮಾಡಿದೆವು? ಈ ಪ್ರಶ್ನೆಯನ್ನು ಇತರರಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳುತ್ತಿದ್ದೇವೆ. ಸಮಾರಿಯದವನೂ ಯೆಹೂದ್ಯರಿಗೆ ಹೊರಗಿನವನೇ ಆಗಿದ್ದ. ಒಳಗಿನವರಿಗೆ ಪಾಠ ಹೇಳಲು ಯೇಸುಸ್ವಾಮಿ ಹೊರಗಿನವನನ್ನೇ ಆರಿಸಿಕೊಂಡರು ಎಂಬುದನ್ನು ನಾವು ಸಾಮಾನ್ಯವಾಗಿ ಬೇಗ ದಾಟಿ ಹೋಗುತ್ತೇವೆ.

ನೆಲಮಂಗಲದ ರಸ್ತೆಯಲ್ಲಿ ಸಾಮತಿಯೇ ತಿರುವುಮುರುವಾಯಿತು. ಜೆರಿಕೊ ದಾರಿಯಲ್ಲಿ ಬಿದ್ದವನು ಪಡೆದುಕೊಂಡವನು, ನಿಂತವನು ಕೊಟ್ಟವನು. ಇಲ್ಲಿ ಬಿದ್ದವನೇ ಕೊಟ್ಟ. ಎಣ್ಣೆಯಿಲ್ಲ, ದ್ರಾಕ್ಷಾರಸವಿಲ್ಲ, ಕತ್ತೆಯಿಲ್ಲ, ಛತ್ರದವನಿಗೆ ಕೊಡಲು ಎರಡು ನಾಣ್ಯಗಳೂ ಇಲ್ಲ. ಉಳಿದದ್ದು ಅರ್ಧ ದೇಹ ಮತ್ತು ಕೆಲವು ನಿಮಿಷ. ಅಷ್ಟನ್ನೇ ಅವನು ಮುಖವೇ ಕಾಣದ ಯಾರಿಗೋ ಬರೆದುಕೊಟ್ಟ.

ಹೆಸರಿಲ್ಲದ ವೀರರು

ನಮ್ಮ ನಾಡಿನ ದಾರಿಗಳು ಸಾವನ್ನು ಕಂಡಿರುವುದು ಇದೇ ಮೊದಲಲ್ಲ. 1876ರಿಂದ 1878ರವರೆಗೆ ಬಂದ ಮಹಾ ಬರವನ್ನು ಹಿರಿಯರು ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷವಾಗಿತ್ತು. ಊರು ಬಿಟ್ಟು ಗಂಜಿ ಹುಡುಕಿ ಹೊರಟವರು ದಾರಿಯ ಬದಿಯಲ್ಲೇ ಕುಸಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಗಳಿಗೆ ಬೀಗ ಹಾಕಿ ಊರು ಬಿಟ್ಟರು. ಓಡಿಹೋದವರ ನಡುವೆ ಓಡದೆ ನಿಂತವರೂ ಇದ್ದರು. ಗಂಜಿ ಬಡಿಸಿದವರು, ರೋಗಿಯ ತಲೆ ಹಿಡಿದು ನೀರು ಕುಡಿಸಿದವರು, ಯಾರೂ ಮುಟ್ಟದ ಹೆಣವನ್ನು ಹೊತ್ತವರು, ತಬ್ಬಲಿ ಕೂಸನ್ನು ಮಡಿಲಿಗೆ ಹಾಕಿಕೊಂಡವರು.

ಅವರ ಹೆಸರು ಯಾವ ಕಡತದಲ್ಲಿದೆ? ಬರದ ವರದಿಗಳಲ್ಲಿ ಅಧಿಕಾರಿಗಳ ಹೆಸರಿದೆ, ಖರ್ಚಿನ ಲೆಕ್ಕವಿದೆ. ತನ್ನ ಪಾಲಿನ ಅಂಬಲಿಯನ್ನು ಪಕ್ಕದವಳ ಮಗುವಿಗೆ ಕೊಟ್ಟು ತಾನು ಮಲಗಿದ ತಾಯಿಯ ಹೆಸರಿಲ್ಲ. ಹಳೆಯ ಕಾಲದಲ್ಲಿ ದಾರಿಹೋಕರಿಗಾಗಿ ಛತ್ರ ಕಟ್ಟಿಸಿದವರು, ಬೇಸಗೆಯಲ್ಲಿ ಅರವಟಿಗೆ ಇಟ್ಟು ನೀರುಮಜ್ಜಿಗೆ ಕೊಟ್ಟವರು, ಸಾಲುಮರ ನೆಟ್ಟವರು, ತಲೆಹೊರೆಯವರಿಗೆ ಹೊರೆ ಇಳಿಸಲು ಕಲ್ಲು ನಿಲ್ಲಿಸಿದವರು, ಇವರೆಲ್ಲರ ಹೆಸರೂ ಬಹುಪಾಲು ಅಳಿಸಿಹೋಗಿದೆ. ದೇವರ ಪುಸ್ತಕದಲ್ಲಿ ಅಳಿಸಿಲ್ಲ ಎಂಬುದೇ ನಮ್ಮ ವಿಶ್ವಾಸ.

ಹರೀಶರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಹೆಸರು ಸರ್ಕಾರದ ಕಡತವನ್ನೇ ಸೇರಿತು.

21 ದಿನಗಳ ನಂತರ

ಆ ಸಾವಿನ ಸುದ್ದಿ ನಾಡಿನ ಮನಸ್ಸನ್ನು ಕಲಕಿತು. ಸರಿಯಾಗಿ ಮೂರು ವಾರಗಳ ನಂತರ, 2016ರ ಮಾರ್ಚ್ 8ರಂದು, ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ'ಗೆ ಚಾಲನೆ ಕೊಟ್ಟರು. ಕರ್ನಾಟಕದ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ತುರ್ತು ಚಿಕಿತ್ಸೆ ಉಚಿತ. ಗಾಯಾಳು ಯಾವ ರಾಜ್ಯದವನು, ಬಡವನೋ ಶ್ರೀಮಂತನೋ, ಕೈಯಲ್ಲಿ ಕಾರ್ಡು ಇದೆಯೋ ಇಲ್ಲವೋ ಎಂದು ಕೇಳುವಂತಿಲ್ಲ. ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು, ಜೀವ ಉಳಿಸಬೇಕು. ಮುಂದೆ 2018ರಲ್ಲಿ 'ಆರೋಗ್ಯ ಕರ್ನಾಟಕ' ಬಂದಾಗ ಹಲವು ಆರೋಗ್ಯ ಯೋಜನೆಗಳ ಜೊತೆ ಇದೂ ಅದರಲ್ಲಿ ಸೇರಿತು.

ಸಮಾರಿಯದವನು ಛತ್ರದವನಿಗೆ ಹಣ ಕೊಟ್ಟು, ಇನ್ನೂ ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎಂದು ಹೇಳಿದ್ದು ನೆನಪಾಗುತ್ತದೆ. ಗಾಯಾಳುವಿನ ಖರ್ಚನ್ನು ಬೇರೆಯವರು ಹೊರುವುದು ಎಂಬ ಆ ಹಳೆಯ ವಿಚಾರವೇ ಇಲ್ಲಿ ಸರ್ಕಾರಿ ಆದೇಶವಾಗಿ ಬಂದಿತು.

ಆದರೆ ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅದು ಭಯ. ಪ್ರಿಯರೇ, ಮುಚ್ಚುಮರೆಯಿಲ್ಲದೆ ಹೇಳೋಣ. ನಾವೂ ಈ ರಸ್ತೆಯಲ್ಲಿ ಓಡಾಡಿದವರೇ. ಅಪಘಾತ ಕಂಡು ಬಸ್ಸಿನ ಕಿಟಕಿಯಿಂದ ಇಣುಕಿ, ಅಯ್ಯೋ ಪಾಪ ಎಂದು, ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋದವರೇ. ಇಳಿದು ಹೋದರೆ ಪೊಲೀಸು ಠಾಣೆ, ಸಾಕ್ಷಿ, ಕೋರ್ಟು ಎಂದು ವರ್ಷಗಟ್ಟಲೆ ಅಲೆಯಬೇಕಾದೀತು, ಆಸ್ಪತ್ರೆಯವರು ಹಣ ಕಟ್ಟಿ ಎಂದಾರು ಎಂಬ ಅಂಜಿಕೆ. ಯಾಜಕನೂ ಲೇವಿಯನೂ ಕೆಟ್ಟವರೆಂದು ಸಾಮತಿ ಹೇಳುವುದಿಲ್ಲ. ಅವರಿಗೂ ಏನೋ ಅಂಜಿಕೆ, ಏನೋ ಅವಸರ ಇದ್ದಿರಬೇಕು. ಒಳ್ಳೆಯವರೇ ಆಗಿದ್ದೂ ನಿಲ್ಲದೆ ಹೋದರು ಎಂಬುದೇ ಆ ಕಥೆಯ ಚುಚ್ಚು.

ಈ ಭಯವನ್ನು ತೆಗೆಯುವ ಕೆಲಸವೂ ಅದೇ ವರ್ಷ ನಡೆಯಿತು. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ 2016ರ ಮಾರ್ಚ್ 30ರಂದು ತೀರ್ಪು ಬಂತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು ಆ ಪೀಠದಲ್ಲಿದ್ದರು. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೀಡಿಸಬಾರದು, ಹೆಸರು ವಿಳಾಸ ಕೊಡುವಂತೆ ಬಲವಂತ ಮಾಡಬಾರದು, ಹಣ ಕಟ್ಟುವಂತೆ ಹೇಳಬಾರದು ಎಂಬ ಕೇಂದ್ರ ಸರ್ಕಾರದ ಮಾರ್ಗಸೂಚಿಗಳಿಗೆ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯದ ವಿಧಾನಮಂಡಲವೂ 2016ರಲ್ಲೇ ಇದಕ್ಕಾಗಿ ಮಸೂದೆಯೊಂದನ್ನು ಒಪ್ಪಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಕಾಯಿದೆಯಾಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ 134ಎ ಎಂಬ ವಿಧಿ ಸೇರಿ ಈ ರಕ್ಷಣೆ ಇಡೀ ದೇಶಕ್ಕೆ ಬಂತು. ಅಪಘಾತವಾದ ಮೊದಲ ಒಂದು ಗಂಟೆಗೆ ಆ ಕಾಯಿದೆ 'ಗೋಲ್ಡನ್ ಅವರ್' ಎಂದು ಹೆಸರಿಟ್ಟಿದೆ. ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚಿರುವ ಹೊತ್ತು ಅದೇ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು.

ಈ ಕಾನೂನುಗಳಲ್ಲಿ ಸಹಾಯ ಮಾಡುವವನಿಗೆ ಕೊಟ್ಟಿರುವ ಹೆಸರೇನು ಗೊತ್ತೇ? 'ಗುಡ್ ಸಮಾರಿಟನ್'. ಸಂತ ಲೂಕರ ಶುಭಸಂದೇಶದ ಆ ಹೆಸರಿಲ್ಲದ ದಾರಿಹೋಕ ಇಂದು ನಮ್ಮ ದೇಶದ ಕಾಯಿದೆ ಪುಸ್ತಕದಲ್ಲಿದ್ದಾನೆ. ತೀರ್ಪು ಬಂದ ಆ ಮಾರ್ಚ್ 30 ಪುನರುತ್ಥಾನ ಹಬ್ಬದ ವಾರದ ಬುಧವಾರವಾಗಿತ್ತು. ಆ ದಿನದ ಬಲಿಪೂಜೆಯ ಶುಭಸಂದೇಶ ಎಮ್ಮಾವುಸ್ ದಾರಿಯದು. ದಾರಿಯಲ್ಲಿ ಜೊತೆಯಾದ ಅಪರಿಚಿತನಲ್ಲಿ ಪ್ರಭುವನ್ನು ಗುರುತಿಸಿದ ಇಬ್ಬರು ಶಿಷ್ಯರ ಕಥೆ. ಇದನ್ನು ಕಾಕತಾಳೀಯ ಎಂದು ಯಾರಾದರೂ ಹೇಳಬಹುದು. ನಾವು ವಾದಿಸುವುದಿಲ್ಲ. ನೆನಪಿಟ್ಟುಕೊಳ್ಳುತ್ತೇವೆ, ಅಷ್ಟೆ.

2016 ಎಂಬ ಆ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,50,785 ಜನ ಎಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಗಂಟೆಗೆ ಹದಿನೇಳು ಜನ. ಒಂದು ಭಾನುವಾರದ ಪೂಜೆ ಮುಗಿದು ನಾವು ಮನೆ ಸೇರುವಷ್ಟರಲ್ಲಿ ಹದಿನೇಳು ಮನೆಗಳಲ್ಲಿ ಕಾದ ಫೋನು ಬರುವುದಿಲ್ಲ.

ಒಂದು ಕಣ್ಣಿನ ಚರಿತ್ರೆ

ಹರೀಶ್ ಎಲ್ಲ ಅಂಗಗಳನ್ನೂ ಕೊಡಲು ಹೇಳಿದ್ದರು. ಕೊನೆಗೆ ಕೊಡಲು ಸಾಧ್ಯವಾದದ್ದು ಕಣ್ಣುಗಳನ್ನು. ಯಾಕೆ? ಇದನ್ನು ನಮ್ಮ ಕುಟುಂಬಗಳು ತಿಳಿದಿರಬೇಕು.

ಹೃದಯ, ಯಕೃತ್ತು, ಮೂತ್ರಪಿಂಡಗಳಿಗೆ ರಕ್ತ ಹರಿಯುತ್ತಲೇ ಇರಬೇಕು. ಆದ್ದರಿಂದ ಮೆದುಳು ಸತ್ತು, ಯಂತ್ರದ ಸಹಾಯದಿಂದ ಉಸಿರಾಟ ನಡೆಯುತ್ತಿರುವ ರೋಗಿಯಿಂದ ಮಾತ್ರ ಅವನ್ನು ಸಾಮಾನ್ಯವಾಗಿ ಪಡೆಯುತ್ತಾರೆ. ಮೆದುಳಿನ ಸಾವನ್ನು ಸಾವೆಂದು ನಮ್ಮ ದೇಶದ ಕಾನೂನು ಒಪ್ಪಿದ್ದು 1994ರ ಅಂಗಾಂಗ ಕಸಿ ಕಾಯಿದೆಯಲ್ಲಿ. ಒಬ್ಬ ವೈದ್ಯರ ಮಾತು ಸಾಲದು. ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಾರಿ ಪರೀಕ್ಷಿಸಿ ದೃಢಪಡಿಸಬೇಕು. ನಮ್ಮ ರಾಜ್ಯದಲ್ಲಿ ಈ ಕೆಲಸದ ಉಸ್ತುವಾರಿ 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆಯದು. ಹೆಸರೇ ಎಷ್ಟು ಸೊಗಸು!

ಕಣ್ಣಿನ ವಿಷಯ ಬೇರೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಪೊರೆ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ. ಅದು ಗಾಳಿಯಿಂದಲೇ ಉಸಿರನ್ನು ಪಡೆಯುತ್ತದೆ. ಹಾಗಾಗಿ ಹೃದಯ ನಿಂತ ಮೇಲೂ ಕೆಲವು ಗಂಟೆ ಅದು ಹಾಳಾಗದೆ ಇರುತ್ತದೆ. ಸಾವಾದ ಆರು ಗಂಟೆಗಳ ಒಳಗೆ ಅದನ್ನು ತೆಗೆದುಕೊಂಡರೆ ಇನ್ನೊಬ್ಬರ ಕಣ್ಣಿಗೆ ಅದು ಬೆಳಕಾಗಬಲ್ಲದು.

ಈ ಚಿಕಿತ್ಸೆಗೂ ಒಂದು ಚರಿತ್ರೆಯಿದೆ, ಅದರಲ್ಲೂ ಸಾಮಾನ್ಯರೇ ಇದ್ದಾರೆ. 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ಗಣರಾಜ್ಯದ ಓಲೊಮೌತ್ಸ್ ಎಂಬ ಊರಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮನುಷ್ಯನಿಂದ ಮನುಷ್ಯನಿಗೆ ಕಾರ್ನಿಯಾ ಕಸಿ ಮಾಡಿ ಮೊದಲ ಬಾರಿಗೆ ಗೆದ್ದರು. ದೃಷ್ಟಿ ಪಡೆದವನು ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯಾಳು. ಕೊಟ್ಟವನು ಹನ್ನೊಂದು ವರ್ಷದ ಬಾಲಕ. ಪೆಟ್ಟಾಗಿ ಉಳಿಸಲಾಗದೆ ತೆಗೆಯಬೇಕಾಗಿ ಬಂದ ಅವನ ಕಣ್ಣಿನಿಂದ ಇನ್ನೊಬ್ಬನಿಗೆ ಬೆಳಕು ಬಂತು.

ನಮ್ಮ ನಾಡಿನಲ್ಲಿ ಈ ದಾನಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು ಡಾ. ರಾಜ್‌ಕುಮಾರ್ ಅವರಿಂದ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜ್‌ಕುಮಾರ್ ಹಠಾತ್ತನೆ ಅಗಲಿದಾಗಲೂ ಹಾಗೆಯೇ. ಪುನೀತರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ತೆರೆಯ ಮೇಲಿನ ನಾಯಕರ ಈ ಕೆಲಸವನ್ನು ನಾಡು ಕೊಂಡಾಡಿದ್ದು ಸರಿಯೇ. ಆದರೆ ಯಾವ ತೆರೆಯ ಮೇಲೂ ಕಾಣಿಸಿಕೊಳ್ಳದ ಗುಬ್ಬಿ ತಾಲ್ಲೂಕಿನ ಹುಡುಗನೊಬ್ಬ, ರಸ್ತೆಯ ಡಾಂಬರಿನ ಮೇಲೆ ಮಲಗಿಕೊಂಡು, ಅದೇ ನಿರ್ಧಾರವನ್ನು ತಾನೇ ಮಾಡಿದ ಎಂಬುದನ್ನು ನಾವು ಮರೆಯಬಾರದು.

ಧರ್ಮಸಭೆ ಏನು ಹೇಳುತ್ತದೆ?

ಕೆಲವು ಮನೆಗಳಲ್ಲಿ ಇಂದಿಗೂ ಅಳುಕಿದೆ. ಕಣ್ಣಿಲ್ಲದೆ ಮಣ್ಣು ಮಾಡಿದರೆ ಕೊನೆಯ ದಿನ ಎದ್ದು ಬರುವಾಗ ಕುರುಡರಾಗಿ ಬರುತ್ತೇವೆಯೇ? ಪವಿತ್ರಾತ್ಮರ ಆಲಯವಾದ ದೇಹವನ್ನು ಕತ್ತರಿಸಬಹುದೇ? ಅಜ್ಜಿಯಂದಿರು ಕೇಳುವ ಈ ಪ್ರಶ್ನೆಗಳನ್ನು ನಕ್ಕು ತಳ್ಳಿಬಿಡಬಾರದು. ಅವು ದೇಹದ ಮೇಲಿನ ಗೌರವದಿಂದ ಹುಟ್ಟಿದ ಪ್ರಶ್ನೆಗಳು.

ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ಸಂತ ಎರಡನೆಯ ಜಾನ್ ಪೌಲರು 1995ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ, ಜೀವದ ಮೌಲ್ಯವನ್ನು ಕುರಿತ ತಮ್ಮ ವಿಶ್ವಪತ್ರವನ್ನು ಹೊರಡಿಸಿದರು. ಅದರ 86ನೆಯ ಭಾಗದಲ್ಲಿ ಅವರು ದಿನನಿತ್ಯದ ವೀರತ್ವದ ಬಗ್ಗೆ ಹೇಳುತ್ತಾರೆ. ಯುದ್ಧಭೂಮಿಯ ವೀರತ್ವವಲ್ಲ, ಮನೆಯಲ್ಲಿ, ಬೀದಿಯಲ್ಲಿ ಸಾಮಾನ್ಯ ಜನರು ತೋರುವ ವೀರತ್ವ. ಅದಕ್ಕೆ ಅವರು ಕೊಡುವ ಉದಾಹರಣೆ ಅಂಗಾಂಗ ದಾನ. 2000ದ ಆಗಸ್ಟ್ 29ರಂದು ರೋಮ್ ನಗರದಲ್ಲಿ ಕಸಿ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ತಾವೇ ಹೋಗಿ ಈ ಮಾತನ್ನು ಮತ್ತೆ ಒತ್ತಿ ಹೇಳಿದರು. ಧರ್ಮಸಭೆಯ ಧರ್ಮೋಪದೇಶವೂ ಮರಣಾನಂತರದ ಅಂಗದಾನವನ್ನು ಉದಾತ್ತ ಕಾರ್ಯವೆಂದು ಕರೆಯುತ್ತದೆ. ಷರತ್ತುಗಳೂ ಇವೆ: ದಾನ ಮನಸಾರೆ ಆಗಬೇಕು, ಒಪ್ಪಿಗೆ ಇರಬೇಕು, ಮಾರಾಟ ಕೂಡದು, ಒಬ್ಬರನ್ನು ಉಳಿಸಲು ಇನ್ನೊಬ್ಬರ ಸಾವನ್ನು ಅವಸರಪಡಿಸಕೂಡದು.

ಇದು ಬರೀ ಬೋಧನೆಯಾಗಿ ಉಳಿದಿಲ್ಲ. ಹರೀಶ್ ತೀರಿಕೊಂಡ ಅದೇ 2016ರ ಜೂನ್ 1ರಂದು, ಕೇರಳದ ಪಾಲಾ ಧರ್ಮಕ್ಷೇತ್ರದ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಜೇಕಬ್ ಮುರಿಕ್ಕನ್ ಅವರು ತಮ್ಮ ಒಂದು ಮೂತ್ರಪಿಂಡವನ್ನು ಬಡ ಹಿಂದೂ ಯುವಕನೊಬ್ಬನಿಗೆ ದಾನ ಮಾಡಿದರು. ಕರುಣೆಯ ಆ ವರ್ಷದಲ್ಲಿ ಹಿಂದೂ ಯುವಕನೊಬ್ಬ ಯಾರೆಂದು ಕೇಳದೆ ಕಣ್ಣು ಕೊಟ್ಟ, ಕ್ರೈಸ್ತ ಧರ್ಮಾಧ್ಯಕ್ಷರೊಬ್ಬರು ಜಾತಿ ಕೇಳದೆ ಮೂತ್ರಪಿಂಡ ಕೊಟ್ಟರು. ನೆರೆಯವನು ಯಾರು ಎಂಬ ಧರ್ಮಶಾಸ್ತ್ರಿಯ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕೇ?

ಇನ್ನು ಪುನರುತ್ಥಾನದ ಪ್ರಶ್ನೆ. ಸಿಂಹಗಳ ಬಾಯಿಗೆ ಸಿಕ್ಕ ರಕ್ತಸಾಕ್ಷಿಗಳನ್ನೂ, ಬೆಂಕಿಯಲ್ಲಿ ಬೂದಿಯಾದವರನ್ನೂ, ಸಮುದ್ರ ನುಂಗಿದವರನ್ನೂ ಎಬ್ಬಿಸಬಲ್ಲ ದೇವರಿಗೆ ಒಂದು ಪೊರೆ ಕಷ್ಟವೇ? ಅಷ್ಟೇ ಅಲ್ಲ. ಉತ್ಥಾನರಾದ ಯೇಸುಸ್ವಾಮಿ ಸಂತ ತೋಮರ ಮುಂದೆ ನಿಂತಾಗ ಅವರ ಕೈಗಳಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು. ಮಹಿಮೆಯ ದೇಹದಲ್ಲಿ ಆ ಗಾಯ ಊನವಾಗಿರಲಿಲ್ಲ, ಪ್ರೀತಿಯ ಗುರುತಾಗಿತ್ತು. ಪ್ರೀತಿಗಾಗಿ ಕೊಟ್ಟ ಜಾಗ ಖಾಲಿಯಲ್ಲ.

ನಮ್ಮ ಮನೆಗಳಲ್ಲಿ ಏನು ಮಾಡಬಹುದು?

ಸ್ಮರಣೆ ಎಂದರೆ ಹೂವಿನ ಹಾರ ಹಾಕಿ ಸುಮ್ಮನಾಗುವುದಲ್ಲ. ಬಲಿಪೂಜೆಯಲ್ಲಿ ನಾವು ಮಾಡುವ ಸ್ಮರಣೆಯೂ ಹಾಗಲ್ಲ. ಅಲ್ಲಿ ನೆನೆಯುವುದೆಂದರೆ ನೆನೆದಂತೆ ಬದುಕಲು ಒಪ್ಪುವುದು. ಆದ್ದರಿಂದ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇವೆ.

ಮೊದಲನೆಯದು, ಊಟದ ಹೊತ್ತಿನಲ್ಲಿ ಎಲ್ಲರೂ ಸೇರಿದಾಗ ಈ ವಿಷಯ ಮಾತಾಡಿ. ಕಣ್ಣು ದಾನಕ್ಕೆ ಸಹಿ ಹಾಕಿದ ಕಾಗದ ಪೆಟ್ಟಿಗೆಯಲ್ಲಿದ್ದರೆ ಸಾಲದು, ಮನೆಯವರಿಗೆ ತಿಳಿದಿರಬೇಕು. ಸಾವಿನ ಮನೆಯಲ್ಲಿ ತೀರ್ಮಾನ ಮಾಡುವವರು ಅವರೇ. ಕನ್ನಡಕ ಹಾಕುವವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಸಹ ಕಣ್ಣು ಕೊಡಬಹುದು. ಮರಣ ಸಂಭವಿಸಿದಾಗ ಕೂಡಲೇ ಹತ್ತಿರದ ಕಣ್ಣಿನ ಬ್ಯಾಂಕಿಗೆ ತಿಳಿಸಿ. ಅವರು ಬರುವವರೆಗೆ ಮೃತರ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ, ಫ್ಯಾನು ನಿಲ್ಲಿಸಿ. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಯ ಪೂಜೆಗೆ ತಡವೂ ಆಗುವುದಿಲ್ಲ.

ಎರಡನೆಯದು, ಹೆಲ್ಮೆಟ್. ಇದನ್ನು ಪ್ರಬೋಧನೆಯಲ್ಲಿ ಹೇಳುವ ವಿಷಯವೇ ಎನ್ನಬೇಡಿ. ಹರೀಶರ ಕಣ್ಣುಗಳು ಉಳಿದದ್ದು ಅದರಿಂದಲೇ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾದದ್ದು ಅದೇ 2016ರ ಜನವರಿಯಲ್ಲಿ. ಭಾನುವಾರದ ಪೂಜೆಗೆ ಬರುವಾಗ ತಂದೆಗೆ ಮಾತ್ರ ಹೆಲ್ಮೆಟ್, ಹಿಂದೆ ಕೂತ ತಾಯಿಗೂ ಮಗುವಿಗೂ ಇಲ್ಲ ಎಂಬ ನೋಟ ನಮ್ಮ ದೇವಾಲಯದ ಅಂಗಳದಲ್ಲೇ ಕಾಣುತ್ತದೆ.

ಮೂರನೆಯದು, ಅಪಘಾತ ಕಂಡರೆ ನಿಲ್ಲಿ. 108ಕ್ಕೆ ಕರೆ ಮಾಡಿ. 2008ರ ನವೆಂಬರ್ 1ರಿಂದ ಆ ಆಂಬ್ಯುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿದೆ. ಕಾನೂನು ಈಗ ನಮ್ಮ ಪರವಾಗಿದೆ, ಅಂಜುವ ಕಾರಣ ಉಳಿದಿಲ್ಲ. ಮೊಬೈಲು ಕೈಯಲ್ಲಿದ್ದರೆ ಅದು ಕರೆ ಮಾಡಲಿ, ಚಿತ್ರ ತೆಗೆಯದಿರಲಿ. ಏನೂ ಮಾಡಲಾಗದಿದ್ದರೆ ಗಾಯಾಳುವಿನ ಕೈ ಹಿಡಿದು ಕುಳಿತುಕೊಳ್ಳಿ. ಸಾಯುವವನು ಒಬ್ಬಂಟಿಯಾಗಿ ಸಾಯಬಾರದು. ಶಿಲುಬೆಹಾದಿಯಲ್ಲಿ ವೆರೋನಿಕಳು ಮಾಡಿದ್ದು ಇಷ್ಟೇ: ಗುಂಪಿನಿಂದ ಹೊರಗೆ ಬಂದು, ಮುಖ ಒರೆಸಿದಳು. ಅವಳಿಂದ ಶಿಲುಬೆ ತಪ್ಪಲಿಲ್ಲ, ಆದರೆ ಆ ಮುಖ ಅವಳ ಬಟ್ಟೆಯಲ್ಲಿ ಉಳಿಯಿತು ಎನ್ನುತ್ತದೆ ನಮ್ಮ ಪರಂಪರೆ.

ಪ್ರಿಯ ವಾಚಕ ಬಂಧುಗಳೇ, ಮುಂದಿನ ಸಾರಿ ನೀವು ನೆಲಮಂಗಲ ದಾಟುವಾಗ ಒಂದು ಕ್ಷಣ ಈ ಯುವಕನನ್ನು ನೆನೆಯಿರಿ. ಅವರ ಕಣ್ಣುಗಳ ಬೆಳಕು ಪಡೆದವರು ಯಾರೆಂದು ನಾವು ಹುಡುಕಬೇಕಾಗಿಲ್ಲ, ಕಣ್ಣು ಕೊಟ್ಟವರೂ ಅದನ್ನು ಕೇಳಲಿಲ್ಲ. ಬಸ್ಸಿನಲ್ಲಿ ನಮ್ಮ ಪಕ್ಕ ಕುಳಿತವರೇ ಆಗಿರಬಹುದು. ಅವರು ಕಿಟಕಿಯ ಹೊರಗೆ ನೋಡುತ್ತಿರಬಹುದು.

ಕರುಣಾಮಯರಾದ ದೇವರೇ, ಹರೀಶರಿಗೂ ರಸ್ತೆಗಳಲ್ಲಿ ಪ್ರಾಣ ಬಿಟ್ಟ ಎಲ್ಲರಿಗೂ ನಿಮ್ಮ ನಿತ್ಯ ಬೆಳಕನ್ನು ದಯಪಾಲಿಸಿರಿ. ಮಗನ ಮಾತನ್ನು ಉಳಿಸಿಕೊಂಡ ಆ ಮನೆಯವರನ್ನು ಸಂತೈಸಿರಿ. ಕಂಡೂ ಕಾಣದಂತೆ ಹೋದ ನಮ್ಮ ಪಾಪವನ್ನು ಕ್ಷಮಿಸಿ, ದಾರಿಯಲ್ಲಿ ನಿಲ್ಲುವ ಧೈರ್ಯವನ್ನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಿರಿ. ಆಮೆನ್.